ಕೇಳದೆ ಒಳಗೆ ಬಂದವರು

ಕಳೆದ ವಾರ ಎಲೆ ಕೀಳುತ್ತಿದ್ದಾಗ ಟೀ ಗಿಡಗಳ ಸಂದಿನಲ್ಲಿ ಒಂದು ಚಪ್ಪಲಿ ಸಿಕ್ಕಿತು. ಹೆಂಗಸರ ಚಪ್ಪಲಿ, ಎಡಗಾಲಿನದು, ಪಟ್ಟಿಯ ಮೇಲೆ ಬಿಳಿ ಮಣಿಯ ಹೂವು. ಇನ್ನೊಂದು ಸಿಗಬಹುದೇನೋ ಎಂದು ಆ ಸಾಲನ್ನೆಲ್ಲ ಬಗ್ಗಿ ನೋಡಿದೆ; ಸಿಗಲಿಲ್ಲ. ಆಮೇಲೆ ಕೈ ತನ್ನ ಪಾಡಿಗೆ ಎಲೆ ಕೀಳುತ್ತಿದ್ದರೂ ತಲೆ ಮಾತ್ರ ಚಪ್ಪಲಿಯ ಹಿಂದೆಯೇ ಹೋಯಿತು. ಒಂದೇ ಕಾಲಿನ ಚಪ್ಪಲಿಯಲ್ಲಿ ಆ ಹೆಂಗಸು ಈ ಇಳಿಜಾರನ್ನು ಹತ್ತಿ ರಸ್ತೆ ಸೇರಿದ್ದು ಹೇಗೆ? ಜೊತೆಗಿದ್ದವರು ನಕ್ಕರೋ, ಕೈ ಹಿಡಿದು ಹತ್ತಿಸಿದರೋ?

ನಿನ್ನ ತೋಟದಲ್ಲಿ ಯಾರದೋ ಚಪ್ಪಲಿ ಯಾಕಮ್ಮ ಬಂತು ಎಂದು ನೀವು ಕೇಳಬಹುದು. ಚಪ್ಪಲಿಯೇನು, ನಮ್ಮ ತೋಟದಲ್ಲಿ ತಂಪು ಕನ್ನಡಕ ಸಿಕ್ಕಿದೆ, ಮೊಬೈಲು ಸಿಕ್ಕಿಸಿ ಫೋಟೋ ತೆಗೆಯುವ ಕೋಲು ಸಿಕ್ಕಿದೆ, ಒಮ್ಮೆ ಒಂದು ಹಲ್ಲುಸೆಟ್ಟೂ ಸಿಕ್ಕಿದೆ. ಹಲ್ಲನ್ನು ಬಿಟ್ಟುಹೋದವರು ಮನೆ ಸೇರುವವರೆಗೆ ಮಾತೇ ಆಡಲಿಲ್ಲವೇ ಎಂದು ನಾನು ಇವತ್ತಿಗೂ ಯೋಚಿಸುತ್ತೇನೆ. ನಮ್ಮತ್ತೆ ಅದನ್ನು ತೊಳೆದು ಒಂದು ಡಬ್ಬಿಯಲ್ಲಿಟ್ಟು ಜಗಲಿಯ ಮೇಲಿಟ್ಟಿದ್ದರು. ಯಾರೂ ಬರಲಿಲ್ಲ.

ನಮ್ಮದು ತಮಿಳು ಸೀಮೆಯ ಬೆಟ್ಟದ ಮೇಲೆ, ಕೋತಗಿರಿಗೆ ಹತ್ತಿರದ ಒಂದು ಸಣ್ಣ ತೋಟ. ಗುಂಡ್ಲುಪೇಟೆ ಕಡೆಯಿಂದ ತರಕಾರಿ ವ್ಯಾಪಾರಕ್ಕೆ ಬಂದ ನಮ್ಮ ಮಾವನವರು ಇಲ್ಲಿನ ಚಳಿಗೆ ಒಗ್ಗಿಕೊಂಡು ಕೊಂಡ ನೆಲ. ಮೇಲೆ ಬಸ್ಸು ಓಡುವ ರಸ್ತೆ, ರಸ್ತೆಗೆ ಅಂಟಿಕೊಂಡು ಮನೆ, ಮನೆಯಿಂದ ಕೆಳಕ್ಕೆ ಟೀ, ಟೀ ಮುಗಿಯುವಲ್ಲಿ ಒಂದು ದೊಡ್ಡ ಬಂಡೆ. ಬಂಡೆಯ ಆಚೆ ನೇರ ಇಳಿಜಾರು, ಅದರಾಚೆ ದೂರದಲ್ಲಿ ಬಯಲುನಾಡು. ಯಜಮಾನರು ಬೆಳಿಗ್ಗೆ ಕೋತಗಿರಿಯ ಅಂಗಡಿಗೆ ಹೋದರೆ ಬರುವುದು ಕತ್ತಲಾದ ಮೇಲೆ. ಹಗಲಲ್ಲಿ ತೋಟದೊಳಗೆ ಯಾರು ಕಾಲಿಟ್ಟರೂ ಎದುರು ಹೋಗಬೇಕಾದವರು ನಾನು ಮತ್ತು ಅತ್ತೆ.

ಜನ ಬರುವುದು ಆ ಬಂಡೆಗೆ. ಮೊದಮೊದಲು ಯಾಕೆಂದು ಅರ್ಥವಾಗಲಿಲ್ಲ. ರಸ್ತೆಯಲ್ಲಿ ಕಾರು ನಿಲ್ಲಿಸುವರು, ಬೇಲಿ ದಾಟುವರು, ಗಿಡಗಳ ನಡುವೆ ಜಾರುತ್ತ ಇಳಿದು ಬಂಡೆಯ ಮೇಲೆ ನಿಂತು ಕೈ ಚಾಚುವರು. ಅವರು ಹೋದ ಮೇಲೆ ನಾನೂ ಒಮ್ಮೆ ಅಲ್ಲಿ ಹೋಗಿ ಕೈ ಚಾಚಿ ನಿಂತು ನೋಡಿದೆ. ಗಾಳಿ ಬಂತು. ಒಲೆಯ ಮೇಲೆ ಹಾಲಿಟ್ಟು ಬಂದದ್ದು ನೆನಪಾಗಿ ಓಡಿ ಬಂದೆ.

ನಾನು ಹುಟ್ಟಿ ಬೆಳೆದದ್ದು ಮಸಿನಗುಡಿಯಲ್ಲಿ. ಅಲ್ಲಿ ನಮ್ಮಪ್ಪನಿಗೆ ಒಂದಿಷ್ಟು ಹೊಲ, ಒಂದಿಷ್ಟು ದನ. ಬೆಳಿಗ್ಗೆ ಹೊಲಕ್ಕೆ ಹೋಗುವಾಗ ಅಪ್ಪ ಬೇಲಿಯ ಹತ್ತಿರ ನಿಂತು ದೊಡ್ಡದಾಗಿ ಕೆಮ್ಮುವನು. ಎದೆಯಲ್ಲಿ ಕಫವೂ ಇಲ್ಲ, ಗಂಟಲಲ್ಲಿ ಕೆರೆತವೂ ಇಲ್ಲ, ಬರಿಯ ಕೆಮ್ಮು. ಕೆಮ್ಮಿ, ಕೋಲಿನಿಂದ ಕಂಬವನ್ನು ಎರಡು ಸಲ ತಟ್ಟಿ, ಸ್ವಲ್ಪ ಹೊತ್ತು ಬೀಡಿ ಸೇದುತ್ತ ನಿಂತು ಆಮೇಲೆ ಒಳಗೆ ಹೋಗುವನು. ನಮ್ಮ ಹೊಲಕ್ಕೆ ನಾವು ಹೋಗಲು ಈ ನಾಟಕ ಯಾಕಪ್ಪ ಎಂದು ಕೇಳಿದ್ದೆ.

"ಒಳಗೆ ಯಾರವ್ರೆ ಅಂತ ನಂಗೊತ್ತಾ? ಕಳ್ಳ ಇರ್ಬೋದು, ಆನೆ ಇರ್ಬೋದು. ಇಬ್ರಿಗೂ ಓಡಾಕೆ ದಾರಿ ಬುಡ್ಬೇಕು. ದಾರಿ ಇಲ್ದೆ ಹೋದ್ರೆ ಇಬ್ರೂ ನನ್ ಮೇಲೇ ಬತ್ತಾರೆ," ಎಂದ.

ಕೆಮ್ಮಿನ ಜೊತೆಗೇ ಬೆಳೆದ ನಾನು ಮದುವೆಯಾಗಿ ಕೋತಗಿರಿಗೆ ಬಂದ ಮೇಲೆ ಮೊದಲ ಸಲ ಹೊರಗಿನವರನ್ನು ತಡೆಯಲು ಹೋದಾಗ ಅಪ್ಪನ ಬುದ್ಧಿಯೇನೂ ನೆನಪಾಗಲಿಲ್ಲ. ಕೈಯಲ್ಲಿ ಟೀ ಗಿಡ ಕತ್ತರಿಸುವ ಕವಾತಿನ ಕತ್ತಿ ಹಿಡಿದು ದಡದಡನೆ ಇಳಿದೆ. ಬಂದವರು ಎತ್ತರದ ನಾಲ್ಕೈದು ಗಂಡಸರು. ಯಾವ ಭಾಷೆಯವರೋ ಗೊತ್ತಿಲ್ಲ. ಅವರ ಮುಂದೆ ನಿಂತದ್ದೇ ತಡ, ಕನ್ನಡವೂ ಹೋಯಿತು, ತಮಿಳೂ ಹೋಯಿತು. "ಪ್ರೈವೇಟ್, ಪ್ರೈವೇಟ್" ಎಂದೆ. ಅವರಲ್ಲೊಬ್ಬ ಬಹಳ ಮರ್ಯಾದೆಯಿಂದ ಜೇಬಿನ ಪರ್ಸು ತೆಗೆದು, ಒಬ್ಬೊಬ್ಬರಿಗೆ ಎಷ್ಟು ಎಂದು ಕೇಳಿದ. ನಾನು ಕತ್ತಿಯನ್ನು ಸೀರೆಯ ಹಿಂದೆ ಅಡಗಿಸಿಕೊಂಡು ಮೇಲೆ ಬಂದೆ.

ಅವತ್ತು ಅತ್ತೆ ನನ್ನನ್ನು ಕೂರಿಸಿಕೊಂಡು ಹೇಳಿದರು. "ಕತ್ತಿ ತಗೊಂಡೋಗಿದ್ಯಲ್ಲ, ಅವ್ರು ಕಿತ್ಕೊಂಡಿದ್ರೆ ಕತ್ತಿ ಯಾರ್ದಾಗ್ತಿತ್ತು? ಹತ್ರ ಹೋಗ್ಲೇಬೇಡ. ನಿನ್ ಬೆನ್ನಿಗೆ ಮನೆ ಇರ್ಲಿ, ಅವ್ರ ಬೆನ್ನಿಗೆ ದಾರಿ ಇರ್ಲಿ. ಇಲ್ಲಿಂದ್ಲೇ ಮಾತಾಡು."

ಅತ್ತೆಯ ಪದ್ಧತಿ ನೋಡಲು ತಮಾಷೆಯಾಗಿರುತ್ತದೆ. ಯಾರಾದರೂ ಬೇಲಿ ದಾಟಿದರೆ ಅವರು ತಮ್ಮ ಹಸಿರು ಸ್ವೆಟರಿನಲ್ಲಿ ಜಗಲಿಯ ಅಂಚಿಗೆ ಬಂದು, ದನ ಕರೆಯುವ ಹಾಗೆ ಉದ್ದವಾಗಿ ಎಳೆದು ಕೇಳುತ್ತಾರೆ: "ಯಾರ ಮನೆಗೆ ಬಂದದ್ದೂ?" ಬೈಗುಳವಿಲ್ಲ, ಗದರಿಕೆಯಿಲ್ಲ. ದಾರಿ ತಪ್ಪಿದ ನೆಂಟರನ್ನು ಕೇಳುವ ಹಾಗೆ. ಯಾರ ಮನೆಗೂ ಅಲ್ಲ ಎಂದು ಹೇಳಲು ಬಂದವರಿಗೇ ನಾಚಿಕೆಯಾಗುತ್ತದೆ. ಬಹಳಷ್ಟು ಜನ "ಸಾರಿ ಅಜ್ಜಿ" ಎಂದು ಹತ್ತಿ ಬರುತ್ತಾರೆ. ಹತ್ತಿ ಬಂದವರನ್ನು ಅತ್ತೆ ಊರು ಯಾವುದು, ಮಕ್ಕಳೆಷ್ಟು, ಅಲ್ಲಿ ಈರುಳ್ಳಿ ಬೆಲೆ ಹೇಗೆ ಎಂದು ವಿಚಾರಿಸದೆ ಬಿಡುವುದಿಲ್ಲ. ಕುಡಿದು ಬಂದವರಾದರೆ ಮಾತ್ರ ಒಂದೂ ಮಾತಾಡದೆ ಬಾಗಿಲು ಹಾಕಿಕೊಂಡು ಮಗನಿಗೆ ಫೋನ್ ಮಾಡುತ್ತಾರೆ.

ಬೋರ್ಡು ಹಾಕಿಸಿ ನೋಡಿದ್ದೂ ಆಯಿತು. "ಒಳಗೆ ಬರಬಾರದು" ಎಂದು ತಮಿಳಿನಲ್ಲಿ ಬರೆಸಿದೆವು. ಅದಕ್ಕೆ ಒರಗಿ ಫೋಟೋ ತೆಗೆಸಿಕೊಂಡರು. "ಕಾಟಿ ಓಡಾಡುವ ಜಾಗ, ಎಚ್ಚರಿಕೆ" ಎಂದು ಬರೆಸುವ ಉಪಾಯ ನನ್ನದು. ಕಾಟಿ ಎಂದರೆ ಕಾಡುಕೋಣ. ನಮ್ಮ ಕಡೆ ಅವು ಟೀ ತೋಟಗಳಲ್ಲಿ ಊರದನಗಳ ಹಾಗೆ ಓಡಾಡುತ್ತವೆ. ಆ ಬೋರ್ಡು ಹಾಕಿದ ಮೇಲೆ ಬರುವವರು ಹೆಚ್ಚಾದರು. ಕಾಟಿ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಬಾಗಿಲು ತಟ್ಟಿ ಕೇಳಿದರು. ಯಜಮಾನರು ಆ ವಿಷಯವಾಗಿ ನನ್ನನ್ನು ಬಹಳ ದಿನ ಹಾಸ್ಯ ಮಾಡಿದರು.

ಕೊನೆಗೆ ಅವರೇ ಬೇಲಿ ಬಿಗಿ ಮಾಡಿಸಿದರು. ಸಡಿಲವಾಗಿದ್ದ ತಂತಿಯನ್ನೆಲ್ಲ ತೆಗೆಸಿ ಹೊಸ ಮುಳ್ಳುತಂತಿ ಎಳೆಸಿದರು. ನಿಜವಾದ ತೊಂದರೆ ಹುಟ್ಟಿದ್ದು ಅಲ್ಲಿಂದ.

ನಮ್ಮ ಎಡಕ್ಕೆ ಬೋಜಣ್ಣನ ತೋಟ. ಅವರು ಬಡಗರು, ತಲೆಮಾರುಗಳಿಂದ ಇಲ್ಲಿಯೇ ಇರುವವರು. ಮನೆಯಲ್ಲಿ ಬಡಗು ಮಾತು. ನಮ್ಮ ಜೊತೆ ಅದನ್ನೇ ಸ್ವಲ್ಪ ಕನ್ನಡಕ್ಕೆ ತಿರುಗಿಸಿ ಆಡುತ್ತಾರೆ. ಬೋಜಣ್ಣನ ಮನೆ ಇಳಿಜಾರಿನ ನಡುವೆ ಇದೆ. ಅವರ ಗಾಡಿದಾರಿ ಸುತ್ತಿ ಬಳಸಿ ರಸ್ತೆ ಸೇರುತ್ತದೆ. ಅವನ ಹೆಂಡತಿ ಗೌರಿ ಬಸ್ಸಿಗೆ ಹೋಗಬೇಕಾದರೆ ಮೊದಲಿಂದಲೂ ನಮ್ಮ ತೋಟವನ್ನು ಓರೆಯಾಗಿ ದಾಟಿ ಬರುತ್ತಿದ್ದಳು. ಹಾಗೆಯೇ ನಾವು ಕೆಳಗಿನ ತೊರೆಗೆ ಹೋಗಬೇಕಾದರೆ ಬಂಡೆಯ ಪಕ್ಕದಿಂದ ಅವರ ತೋಟದೊಳಗೆ ಇಳಿದು ಹೋಗುತ್ತಿದ್ದೆವು. ಯಾರೂ ಯಾರನ್ನೂ ಕೇಳಿದ್ದಿಲ್ಲ.

ಹೊಸ ತಂತಿ ಆ ಓರೆ ದಾರಿಯನ್ನೂ ಮುಚ್ಚಿತು. ಮುಚ್ಚುವ ಮುಂಚೆ ಒಂದು ಮಾತು ಹೇಳಬೇಕೆಂದು ನಮಗೆ ಯಾರಿಗೂ ಹೊಳೆಯಲಿಲ್ಲ. ಅದು ಹೊರಗಿನವರಿಗೆ ಹಾಕಿದ್ದು ಎಂಬುದು ನಮಗೆ ಗೊತ್ತಿತ್ತು, ತಂತಿಗೆ ಗೊತ್ತಿರಲಿಲ್ಲ. ಗೌರಿ ಒಂದು ಬೆಳಿಗ್ಗೆ ಬುಟ್ಟಿ ಹಿಡಿದು ಬಂದು, ತಂತಿಯ ಮುಂದೆ ನಿಂತು, ನೋಡಿ, ತಿರುಗಿ ಹೋದಳಂತೆ. ಕೆಲವು ದಿನಗಳಲ್ಲಿ ಬಂಡೆಯ ಪಕ್ಕದ ಅವರ ಬೇಲಿಗೆ ಕಬ್ಬಿಣದ ಗೇಟು ಬಂತು, ಗೇಟಿಗೆ ಬೀಗ ಬಂತು. ಆಮೇಲೆ ಬಸ್‌ಸ್ಟಾಪಿನಲ್ಲಿ ಎದುರಾದರೆ ನಾನು ಸೆರಗು ಸರಿಮಾಡಿಕೊಳ್ಳುತ್ತಿದ್ದೆ, ಅವಳು ಬುಟ್ಟಿ ಸರಿಮಾಡಿಕೊಳ್ಳುತ್ತಿದ್ದಳು. ವರ್ಷಗಳೇ ಹಾಗೆ ಹೋದವು.

ವಿಚಿತ್ರವೆಂದರೆ, ಯಾರಿಗೆಂದು ತಂತಿ ಎಳೆದೆವೋ ಅವರು ನಿಲ್ಲಲಿಲ್ಲ. ಒಬ್ಬರು ತಂತಿ ಎತ್ತಿ ಹಿಡಿದರೆ ಇನ್ನೊಬ್ಬರು ನುಸುಳುತ್ತಿದ್ದರು. ಬೇಲಿಗೆ ಮರ್ಯಾದೆ ಕೊಟ್ಟವರು ಬೋಜಣ್ಣನ ಮನೆಯವರು ಮಾತ್ರ.

ಇನ್ನು ಈ ಬೇಲಿಯ ಕತೆ ತಿರುಗಿದ ದಿನದ ಸಂಗತಿ. ಮಧ್ಯಾಹ್ನ ಊಟವಾಗಿ ಪಾತ್ರೆ ತೊಳೆಯುತ್ತಿದ್ದೆ. ಜಗಲಿಯಲ್ಲಿದ್ದ ಅತ್ತೆ "ಇಲ್ಬಾ" ಎಂದರು. ಅವರ ದನಿ ಎಂದಿನಂತಿರಲಿಲ್ಲ. ಹೋಗಿ ನೋಡಿದರೆ ಬಂಡೆಯ ಮೇಲೆ ಮೂವರು: ಒಬ್ಬ ಹುಡುಗ ಪ್ರಾಯದ ಗಂಡಸು, ಅವನ ಹೆಂಡತಿ, ಮತ್ತು ಕೆಂಪು ಶಾಲು ಹೊದ್ದ ಒಬ್ಬ ಮುದುಕಿ. ಅವರು ಯಾವಾಗ ಇಳಿದರೋ ನಾವು ನೋಡಿರಲಿಲ್ಲ. ಅವರಿಗೂ ನಮಗೂ ನಡುವೆ, ಮೇಲೆ ಬರುವ ಕಾಲುದಾರಿಗೆ ಅಡ್ಡಲಾಗಿ ಒಂಟಿ ಕಾಟಿ ನಿಂತಿತ್ತು. ಬಲಗಡೆಯ ಕಾಡಿನಿಂದ ಹತ್ತಿ ಬಂದಿರಬೇಕು. ಮುದಿ ಗೂಳಿ. ಗುಂಪು ಬಿಟ್ಟು ಒಂದೇ ತಿರುಗುವ ಇಂಥದ್ದಕ್ಕೆ ಇಲ್ಲಿ ಎಲ್ಲರೂ ದಾರಿ ಬಿಡುತ್ತಾರೆ.

ಮುದುಕಿ ಅದರ ಕಡೆಗೆ ನಡೆಯತೊಡಗಿದಳು.

"ಅಮ್ಮಾ, ಅಲ್ಲೇ ನಿಂತ್ಕೋ," ಅತ್ತೆ ದನಿಯೇರಿಸದೆ, ಎಳೆದು ಹೇಳಿದರು.

"ಎಮ್ಮೆ ಅಲ್ವಾ, ಏನ್ ಮಾಡದು?" ಎಂದು ಆಕೆ ಕೆಳಗಿನಿಂದ ಕೂಗಿದಳು. "ನಮ್ಮಟ್ಟೀಲಿ ನಾನೂ ಸಾಕಿವ್ನಿ." ಮಂಡ್ಯದ ಕಡೆಯ ಮಾತು. ಆ ಹೊತ್ತಿನಲ್ಲೂ ಇದು ಮದ್ದೂರೋ ಮಳವಳ್ಳಿಯೋ ಎಂದು ನನ್ನ ತಲೆ ಹುಡುಕತೊಡಗಿತು. ನನ್ನ ಬುದ್ಧಿಯೇ ಹಾಗೆ.

"ಎಮ್ಮೆ ಅಲ್ಲ ಕಣಮ್ಮ. ಅದರ ಕಾಲು ನೋಡು," ಎಂದರು ಅತ್ತೆ.

ಮುದುಕಿ ನೋಡಿದಳು. ಮೈಯೆಲ್ಲ ಕಪ್ಪಾಗಿದ್ದರೂ ಕಾಟಿಗೆ ಮೊಣಕಾಲಿನಿಂದ ಕೆಳಕ್ಕೆ ಬೆಳ್ಳಗೆ, ಕಾಲುಚೀಲ ಹಾಕಿದಂತೆ ಇರುತ್ತದೆ. ಆಕೆ ಎಷ್ಟು ಎಮ್ಮೆ ಸಾಕಿದ್ದರೂ ಅಂಥ ಕಾಲು ಕಂಡಿರಲಿಕ್ಕಿಲ್ಲ. ನಿಂತಲ್ಲೇ ನಿಂತಳು. ಅವಳ ಮಗ ಮಾತ್ರ ಫೋನ್ ಎತ್ತಿ ಹಿಡಿದು ಎರಡು ಹೆಜ್ಜೆ ಮುಂದೆ ಬಂದ. ಕಾಟಿ ತಲೆ ತಗ್ಗಿಸಿ ಮೂಗಿನಿಂದ ಒಂದು ಸಲ ಬುಸ್ಸೆಂದಿತು. ಆ ಸದ್ದು ನಮ್ಮ ಜಗಲಿಗೂ ಕೇಳಿಸಿತು. ಹೆಂಡತಿ ಅವನ ಸ್ವೆಟರಿನ ಬೆನ್ನು ಹಿಡಿದು ಎಳೆದಳು.

ಅವರ ಹಿಂದೆ ಬಂಡೆ, ಬಂಡೆಯ ಹಿಂದೆ ಪ್ರಪಾತ. ಮುಂದೆ ಕಾಟಿ. ಜಗಲಿಯಿಂದ ನೋಡಿದರೆ ಬಲಕ್ಕೆ ಅದು ಬಂದ ಕಾಡು. ಎಡಕ್ಕೆ ಒಂದೇ ದಾರಿ, ಬೋಜಣ್ಣನ ಗೇಟು. ಅದಕ್ಕೆ ಬೀಗ.

ಅತ್ತೆ ನನ್ನ ಮುಖ ನೋಡಿದರು. "ನಾನ್ ಇವರ್ನ ಮಾತಲ್ಲಿ ಹಿಡ್ಕೊಂಡಿರ್ತೀನಿ. ನೀನು ಬೋಜಣ್ಣನ ಹಟ್ಟಿಗೆ ಹೋಗು," ಎಂದರು. ನಾನು ಒಂದು ಕ್ಷಣ ತಡೆದೆ. ತಡೆದದ್ದು ಕಾಟಿಯ ಭಯದಿಂದಲ್ಲ ಎಂಬುದು ಅತ್ತೆಗೆ ಗೊತ್ತಿತ್ತು. "ಹೋಗವ್ವ," ಎಂದರು ಮತ್ತೆ.

ರಸ್ತೆಗೆ ಬಂದು ಅವರ ಗಾಡಿದಾರಿ ಹಿಡಿದು ಓಡಿದೆ. ಅಷ್ಟು ವರ್ಷಗಳ ಮೇಲೆ ಆ ಅಂಗಳಕ್ಕೆ ಕಾಲಿಡುವಾಗ ನನಗೆ ಅರಿವಿಲ್ಲದೆಯೇ ಕೆಮ್ಮು ಬಂತು, ಅಪ್ಪನದೇ ಕೆಮ್ಮು. ಬೋಜಣ್ಣ ಅಂಗಳದಲ್ಲಿ ಗೊಬ್ಬರದ ಮೂಟೆ ಕಟ್ಟುತ್ತಿದ್ದ. ಗೌರಿ ಬಾಗಿಲಲ್ಲಿ ನಿಂತಿದ್ದಳು. ಇಬ್ಬರೂ ನೋಡಿದರು, ಯಾರೂ ಬಾ ಎನ್ನಲಿಲ್ಲ.

"ಬಂಡೆ ಹತ್ರ ಹೊರಗಿನ ಜನ ಸಿಕ್ಕಾಕೊಂಡವ್ರೆ. ದಾರೀಲಿ ಒಂಟಿ ಕಾಟಿ. ನಿಮ್ಮ ಗೇಟು ತೆಗೀಬೇಕು," ಎಂದೆ. ಉಸಿರು ಸಾಲದೆ ಎಲ್ಲವೂ ಒಂದೇ ಮಾತಾಗಿ ಬಂತು.

ಬೋಜಣ್ಣ ಮೂಟೆ ಬಿಟ್ಟು ಎದ್ದ. ಒಳಗೆ ಹೋಗಿ ಬೀಗದ ಕೈ ತಂದ. "ಮೆಲ್ಲ ಬಾ ಅಕ್ಕ, ಓಡ್ಬೇಡ. ಓಡಿದರೆ ಅದಕ್ಕೂ ಓಡ ಬುದ್ಧಿ ಬರ್ತದೆ," ಎಂದಷ್ಟೇ ಹೇಳಿ ಮುಂದೆ ನಡೆದ. ಗೌರಿಯೂ ಹಿಂದೆ ಬಂದಳು.

ಗೇಟಿನ ಹತ್ತಿರ ಹೋದಾಗ ಆ ಮೂವರು ಬಂಡೆಯ ಪಕ್ಕದ ಸಿಲ್ವರ್ ಓಕ್ ಮರದ ಹಿಂದೆ ಒಬ್ಬರಿಗೊಬ್ಬರು ಅಂಟಿ ನಿಂತಿದ್ದರು. ಅಲ್ಲಿ ನಿಲ್ಲಿ ಎಂದು ಹೇಳಿದ್ದು ಅತ್ತೆಯೇ. ಮೇಲಿನಿಂದ ಅವರ ದನಿ ಒಂದೇ ಸಮನೆ ಬರುತ್ತಿತ್ತು. "ಯಾವೂರಮ್ಮ ನಿಂದು? ಕಬ್ಬು ಹಾಕಿದ್ದೀರಾ? ನಾಲೇಗೆ ನೀರು ಬಿಟ್ಟವ್ರಾ ಈ ಸಲ?" ಮುದುಕಿ ಮರದ ಹಿಂದಿನಿಂದಲೇ ಎಲ್ಲಕ್ಕೂ ಉತ್ತರ ಹೇಳುತ್ತಿದ್ದಳು. ಕಾಟಿ ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ ಕಿವಿ ತಿರುಗಿಸುತ್ತ ನಿಂತಿತ್ತು.

ಬೋಜಣ್ಣ ಬೀಗಕ್ಕೆ ಕೈ ಹಾಕಿದ. ಅದು ತಿರುಗಲಿಲ್ಲ. ಹಾಕಿದ ದಿನದಿಂದ ಯಾರೂ ತೆಗೆದದ್ದಿಲ್ಲ. ಮಂಜಿಗೆ, ಮಳೆಗೆ ತುಕ್ಕು ಹಿಡಿದು ಕಲ್ಲಾಗಿತ್ತು. ಕಲ್ಲು ತಗೊಂಡು ಒಡೆಯಲೇ ಎಂದು ನಾನು ಸನ್ನೆ ಮಾಡಿದೆ. ಬೇಡ ಎಂದು ತಲೆಯಾಡಿಸಿದ. ಕಬ್ಬಿಣದ ಸದ್ದಿಗೆ ಕಾಟಿ ಎತ್ತ ನುಗ್ಗುತ್ತದೋ ಹೇಳಲಾಗದು. ಅವನು ಬಗ್ಗಿ ಗೇಟಿನ ಕೀಲುಗಳನ್ನು ನೋಡಿದ. ಆಮೇಲೆ ಗೌರಿಗೆ ಒಂದು ತುದಿ, ನನಗೆ ನಡುವೆ ಎಂದು ಕೈಯಲ್ಲೇ ತೋರಿಸಿದ. ಮೂವರೂ ಸೇರಿ ಗೇಟನ್ನು ಹಾಗೇ ಮೇಲಕ್ಕೆ ಎತ್ತಿದೆವು. ನನ್ನ ಕೈ ಜಾರಿದಾಗ ಗೌರಿ ತನ್ನ ಕೈಯನ್ನು ನನ್ನ ಕೈಯ ಕೆಳಗೆ ಕೊಟ್ಟಳು. ಬೀಗದ ತುದಿ ಕಂಬಕ್ಕೇ ಉಳಿದು, ಗೇಟು ಕೀಲಿನಿಂದ ಕಳಚಿ ನಮ್ಮ ತೋಳಿಗೆ ಬಂತು. ಸದ್ದಾಗದ ಹಾಗೆ ಪಕ್ಕದ ಗಿಡಗಳಿಗೆ ಒರಗಿಸಿದೆವು.

"ಇತ್ತ ಬನ್ನಿ. ಮೊದಲು ಅವ್ವ ಬರಲಿ," ಎಂದ ಬೋಜಣ್ಣ ಮೆಲ್ಲಗೆ. ಮುದುಕಿ ಬಂದಳು, ಸೊಸೆ ಬಂದಳು. ಮಗ ಹಿಂದುಹಿಂದಕ್ಕೆ ನಡೆಯುತ್ತ, ಕಾಟಿಯ ಮೇಲಿನ ಕಣ್ಣು ತೆಗೆಯದೆ ಬಂದ. ಫೋನು ಕೈಯಲ್ಲಿದ್ದರೂ ತೆಗೆದ ಚಿತ್ರ ಒಂದೂ ಇರಲಿಲ್ಲ ಎಂದು ಆಮೇಲೆ ತಿಳಿಯಿತು. ಕಾಟಿ ನಾವೆಲ್ಲ ಸರಿದ ಮೇಲೆ ನಿಧಾನವಾಗಿ ಬಂಡೆಯ ಪಕ್ಕದಿಂದ ಕಾಡಿನ ಕಡೆ ಇಳಿದು ಹೋಯಿತು. ಅದಕ್ಕೂ ಬೇಕಾಗಿದ್ದದ್ದು ಅಷ್ಟೇ ಇರಬೇಕು.

ಗೌರಿ ಎಲ್ಲರಿಗೂ ಟೀ ಕೊಟ್ಟಳು. ನನಗೂ ಒಂದು ಲೋಟ ಬಂತು. ಮುದುಕಿ ಲೋಟ ಹಿಡಿದು ನನ್ನನ್ನು ನೋಡಿ, "ತೋಟ ಇವರ್ದಾ, ನಿಮ್ದಾ ತಾಯಿ?" ಎಂದು ಕೇಳಿದಳು.

"ನೀವು ಬಂದದ್ದು ನಮ್ಮ ತೋಟಕ್ಕೆ. ಬದುಕಿದ್ದು ಇವರ ತೋಟದಿಂದ," ಎಂದೆ. ಗೌರಿ ಒಲೆಯ ಕಡೆ ತಿರುಗಿದಳು.

ಇಷ್ಟು ದಿನ ಕೇಳಬೇಕೆಂದಿದ್ದುದನ್ನು ನಾನು ಆಗ ಕೇಳಿಬಿಟ್ಟೆ. "ಒಂದು ಹೇಳಪ್ಪ. ಆ ಬಂಡೆ ಅಲ್ಲೈತೆ ಅಂತ ನಿಮಗೆ ಯಾರು ಹೇಳ್ತಾರೆ?"

ಮುದುಕಿಯ ಮಗ ನಾಚಿಕೊಂಡು ಫೋನು ತೋರಿಸಿದ. ಅದರ ನಕ್ಷೆಯಲ್ಲಿ ನಮ್ಮ ಬಂಡೆಗೆ ಯಾರೋ ಹೆಸರಿಟ್ಟು ಗುರುತು ಹಾಕಿದ್ದರು. ಕೆಳಗೆ ಬಂದುಹೋದವರ ಅಭಿಪ್ರಾಯಗಳು. ಅವನು ಓದುತ್ತ ಹೋದ: ಜಾಗ ಚೆನ್ನಾಗಿದೆ, ದಾರಿ ಜಾರುತ್ತದೆ. ಕಾರು ನಿಲ್ಲಿಸಲು ಜಾಗ ಸಾಲದು. ಹಸಿರು ಸ್ವೆಟರಿನ ಅಜ್ಜಿ ಒಬ್ಬರು ಬಹಳ ಪ್ರಶ್ನೆ ಕೇಳುತ್ತಾರೆ. ಬೋಜಣ್ಣ ಮೊದಲ ಸಲ ನಕ್ಕ. "ಅದು ನಿಜ," ಎಂದ.

ಸಂಜೆ ಯಜಮಾನರಿಗೆ ಎಲ್ಲವನ್ನೂ ಹೇಳಿದೆ. ಮರುದಿನ ಅವರು ಅಂಗಡಿಗೆ ಹೊರಡುವ ಮುಂಚೆ ಇಕ್ಕಳ ತಗೊಂಡು ಹೋಗಿ, ಗೌರಿ ಬರುತ್ತಿದ್ದ ದಾರಿಯಲ್ಲಿ ಎರಡು ಕಂಬಗಳ ನಡುವಿನ ತಂತಿಯನ್ನು ಬಿಚ್ಚಿ ಸುತ್ತಿಟ್ಟರು. ಗೌರಿಗೆ ಹೋಗಿ ಹೇಳಿ ಬರಲೇ ಎಂದು ನಾನು ಕೇಳಿದೆ. ಕಣ್ಣಿಗೆ ಕಾಣಲ್ವಾ, ಸುಮ್ಮನಿರು ಎಂದರು ಅತ್ತೆ. ಬೋಜಣ್ಣನ ಗೇಟೂ ನಾವು ಒರಗಿಸಿದಲ್ಲೇ ಒರಗಿತ್ತು. ನಕ್ಷೆಯ ಗುರುತು ತೆಗೆಸಲು ಯಜಮಾನರು ಅವರಿವರನ್ನು ಹಿಡಿದು ಓಡಾಡಿದರು. ಅದಿನ್ನೂ ಹೋಗಿಲ್ಲ, ಜನವೂ ಬರುತ್ತಲೇ ಇದ್ದಾರೆ. ಈಗ ಒಂದು ವ್ಯತ್ಯಾಸವೆಂದರೆ, ಇಳಿಯುವವರನ್ನು ಕಂಡರೆ ಕೆಳಗಿನಿಂದ ಬೋಜಣ್ಣನೂ ಒಂದು ಕೂಗು ಹಾಕುತ್ತಾನೆ.

ಆದರೆ ಆ ಬಿಚ್ಚಿದ ಜಾಗದಿಂದ ಬಹಳ ದಿನ ಯಾರೂ ಬರಲಿಲ್ಲ. ನಾನು ದಿನಾ ಬೆಳಿಗ್ಗೆ ಬಸ್ಸಿನ ಹೊತ್ತಿಗೆ ಏನಾದರೊಂದು ನೆಪ ಮಾಡಿಕೊಂಡು ಜಗಲಿಗೆ ಬಂದು ನೋಡುವೆ. ಗೌರಿ ಗಾಡಿದಾರಿಯಲ್ಲೇ ಸುತ್ತಿ ಬರುತ್ತಿದ್ದಳು. ನೋಡುವುದನ್ನೇ ಬಿಟ್ಟುಬಿಡೋಣ ಎಂದುಕೊಂಡ ಮೇಲೆ ಒಂದು ದಿನ, ಮಂಜು ಇನ್ನೂ ಸರಿಯಾಗಿ ಎದ್ದಿರಲಿಲ್ಲ, ಟೀ ಗಿಡಗಳ ಮೇಲೆ ಒಂದು ಬುಟ್ಟಿ ತೇಲಿ ಬರುವಂತೆ ಕಂಡಿತು. ಕೆಳಗೆ ಗೌರಿಯ ಮುಂಡಾಸು, ಬಡಗ ಹೆಂಗಸರು ತಲೆಗೆ ಸುತ್ತುವ ಬಿಳಿ ಬಟ್ಟೆ. ಕಂಬಗಳ ಹತ್ತಿರ ಅವಳು ನಿಲ್ಲಲಿಲ್ಲ, ನಮ್ಮ ಮನೆಯ ಕಡೆ ನೋಡಲೂ ಇಲ್ಲ. ಓರೆ ದಾರಿ ಹಿಡಿದು ನೇರ ಹತ್ತಿ ಬಂದಳು.

ನಾನು ಬಾಗಿಲ ಹಿಂದೆ ಸರಿದೆ. ಅತ್ತೆ ಮಾತ್ರ ಹಲ್ಲುಜ್ಜುತ್ತ ಅಂಗಳದಲ್ಲಿ ನಿಂತವರು, ನಿನ್ನೆಯೂ ಮೊನ್ನೆಯೂ ಅವಳು ಹೀಗೇ ಬಂದಿದ್ದಳೇನೋ ಎಂಬಂತೆ, ತಿರುಗಿಯೂ ನೋಡದೆ ಹೇಳಿದರು:

"ನಿಧಾನಕ್ಕೆ ಹತ್ತು ಗೌರಿ. ಬಸ್ಸು ಇನ್ನೂ ಬಂದಿಲ್ಲ."